ಹ ಬೇರೆ, ಅ ಬೇರೆ, ಸ್ಟೇಷನರಿ ಮಾತ್ರ ಒಂದೇ

"ಸಾರ್, ಹ ಬೇರೆ, ಅ ಬೇರೆ. ಅಷ್ಟೂ ಗೊತ್ತಾಗಲ್ವಾ ನಿಮಗೆ?"

ತುಮಕೂರಿನ ಒಂದು ಕಚೇರಿಯ ಕೇಸ್ ವರ್ಕರ್ ನನಗೆ ಹೀಗೆ ವರ್ಣಮಾಲೆ ಹೇಳಿಕೊಟ್ಟರು. ಯಾವ ಕಚೇರಿ ಅಂತ ಹೇಳಲ್ಲ. ನನ್ನ ಫೈಲು ಇನ್ನೂ ಅಲ್ಲೇ ಇದೆ.

ವಿಷಯ ಇಷ್ಟೇ. ಗುಬ್ಬಿ ಕಡೆ ನಮಗೊಂದು ಸಣ್ಣ ತೆಂಗಿನ ತೋಟ. ಅಪ್ಪ ತೀರಿಕೊಂಡ ಮೇಲೆ ಅದನ್ನು ನಮ್ಮ ಹೆಸರಿಗೆ ಮಾಡಿಸೋಕೆ ಪೌತಿ ಖಾತೆಗೆ ಅರ್ಜಿ ಹಾಕಿದೆ. ಅಪ್ಪನಿಗೆ ಊರ ದೇವರ ಹೆಸರು, ಹನುಮಂತಯ್ಯ. ಮರಣ ಪತ್ರದಲ್ಲಿ ಹಾಗೇ ಇದೆ. ಪಹಣಿಯಲ್ಲಿ ಮಾತ್ರ ಅನುಮಂತಯ್ಯ. ಇದರಲ್ಲಿ ಯಾರನ್ನೂ ಬೈಯುವ ಹಾಗಿಲ್ಲ. ನಮ್ಮ ಕಡೆ ಹಾಲು ಆಲಾಗುತ್ತೆ, ಹಸು ಅಸುವಾಗುತ್ತೆ, ಹನುಮಂತನೂ ಅನುಮಂತನಾಗುತ್ತಾನೆ. ಊರವರು ಕೂಗಿದ್ದನ್ನು ಯಾರೋ ಬರೆದುಕೊಂಡರು. ಬರೆದಿದ್ದನ್ನು ಇನ್ಯಾರೋ ಕಂಪ್ಯೂಟರಿಗೆ ಹೊಡೆದರು. ಅಪ್ಪ ಅದೇ ತೋಟಕ್ಕೆ ನೀರು ಹಾಯಿಸಿಕೊಂಡು, ಅದೇ ಅನುಮಂತಯ್ಯನ ಹೆಸರಿಗೆ ಕಂದಾಯ ಕಟ್ಟಿಕೊಂಡು ಬಂದರು. ದುಡ್ಡು ತಗೊಂಡು ರಸೀದಿ ಹರಿಯುವಾಗ ಯಾರೂ ಹ ಎಲ್ಲಿ ಅಂತ ಕೇಳಲಿಲ್ಲ.

ಈಗ ಕೇಳುತ್ತಿದ್ದಾರೆ. ಹನುಮ ಹೋದ, ಅನುಮಾನ ಉಳಿಯಿತು.

"ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸ್ಕೊಂಡು ಬನ್ನಿ. ಇ-ಸ್ಟಾಂಪ್ ಪೇಪರ್ ಮೇಲೆ, ನೋಟರಿ ಹತ್ರ. ಜೊತೆಗೆ ವಂಶವೃಕ್ಷ, ಆಧಾರ್ ಝೆರಾಕ್ಸ್ ಎರಡು ಸೆಟ್" ಅಂದರು. ಆಮೇಲೆ ಟೇಬಲ್ ಮೇಲೆಲ್ಲ ಕೈಯಾಡಿಸಿ, "ಒಂದು ಬಿಳಿ ಹಾಳೆ ಇದ್ರೆ ಕೊಡಿ ಸಾರ್, ಏನೇನು ಬೇಕು ಅಂತ ಬರೆದುಕೊಡ್ತೀನಿ" ಅಂತ ನನ್ನನ್ನೇ ಕೇಳಿದರು.

ಅಷ್ಟು ದೊಡ್ಡ ಕಚೇರಿಯಲ್ಲಿ ಒಂದು ಹಾಳೆ ಇರಲಿಲ್ಲ.

ಆಗ ಕಣ್ಣಿಗೆ ಬಿದ್ದಿದ್ದು ಅವರ ಬೆನ್ನ ಹಿಂದಿನ ಬೀರು. ಹಸಿರು ಬಣ್ಣದ ಕಬ್ಬಿಣದ ಬೀರು, ಒಂದು ಕಾಲು ಗಿಡ್ಡ, ಅದಕ್ಕೊಂದು ಇಟ್ಟಿಗೆ ಚೂರು ಕೊಟ್ಟಿದ್ದರು. ಬಾಗಿಲ ಮೇಲೆ ಬಿಳಿ ಪೇಂಟಿನಲ್ಲಿ ದಪ್ಪ ಇಂಗ್ಲಿಷ್ ಅಕ್ಷರ: ಆಫೀಸ್ ಸ್ಟೇಷನರಿ. ಕೊನೆಯ ಮೂರಕ್ಷರ ಇನ್ನೊಂದು ಸಲ ಓದಿದೆ. ಎ, ಆರ್, ವೈ.

ಇಲ್ಲಿ ಸ್ವಲ್ಪ ಇಂಗ್ಲಿಷ್ ಪಾಠ ಆಗಲೇಬೇಕು, ಬೇಜಾರು ಮಾಡ್ಕೋಬೇಡಿ. ಕನ್ನಡದಲ್ಲಿ ಬರೆದರೆ ಎರಡೂ ಸ್ಟೇಷನರಿಯೇ. ಇಂಗ್ಲಿಷಿನಲ್ಲಿ ಎರಡು ಪದ, ಒಂದೇ ಅಕ್ಷರದ ವ್ಯತ್ಯಾಸ. ಕೊನೆಯ ಆರ್ ಹಿಂದೆ ಇ ಬಂದರೆ ಪೇಪರು, ಪೆನ್ನು, ಕವರು, ಗುಂಡುಸೂಜಿ. ಎ ಬಂದರೆ ಅಲ್ಲಾಡದೆ ನಿಂತಿರುವುದು. ಸಂಜೆ ಬಿ.ಎಚ್. ರಸ್ತೆಯಲ್ಲಿ ನಿಮ್ಮ ಬೈಕು ಯಾವ ಸ್ಥಿತಿಯಲ್ಲಿರುತ್ತೋ ಅದು ಎ. ಆ ಬೈಕಿನಲ್ಲಿ ಮಗನ ಸ್ಕೂಲ್ ಪ್ರಾಜೆಕ್ಟಿಗೆ ಚಾರ್ಟ್ ಪೇಪರ್ ತರೋಕೆ ಹೊರಟಿದ್ದರೆ ಆ ಚಾರ್ಟ್ ಪೇಪರು ಇ.

"ಎನ್ವಲಪ್‌ಗೆ ಇ, ನೆನಪಿಟ್ಕೊಳ್ರೋ" ಅಂತ ಹೈಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟಿದ್ದರು. ಎ ಯಾವುದಕ್ಕೆ ಅಂತ ಹೇಳಿರಲಿಲ್ಲ. ಆ ಕಚೇರಿಯ ಬೆಂಚಿನ ಮೇಲೆ ಮೂರು ಸೋಮವಾರ ಕೂತ ಮೇಲೆ ನನಗೇ ಹೊಳೆಯಿತು. ಅಪ್ಲಿಕೇಶನ್‌ಗೆ ಎ.

ತಮಾಷೆ ಅಂದ್ರೆ ಎರಡು ಪದಗಳೂ ಒಂದೇ ಬೇರಿನವು. ಹಿಂದೆ ಯೂರೋಪಿನಲ್ಲಿ ಗಂಟು ಹೊತ್ತು ಊರೂರು ಸುತ್ತಿ ಮಾರುವವರೇ ಜಾಸ್ತಿ. ಪುಸ್ತಕ ಮಾರುವವರು ಮಾತ್ರ ವಿಶ್ವವಿದ್ಯಾಲಯಗಳ ಪಕ್ಕ ಒಂದು ಕಡೆ ಅಂಗಡಿ ಹಾಕಿ ಕೂತರು. ನಿಲ್ಲುವುದು ಅನ್ನೋ ಅರ್ಥದ ಲ್ಯಾಟಿನ್ ಮಾತಿನಿಂದ ಅವರಿಗೆ ಸ್ಟೇಷನರ್ ಅನ್ನೋ ಹೆಸರು ಬಂತು. ಲಂಡನ್ನಿನಲ್ಲಿ 1403ರಲ್ಲೇ ಅವರದೊಂದು ಸಂಘ ಹುಟ್ಟಿತು, 1557ರಲ್ಲಿ ಅದಕ್ಕೆ ಅರಮನೆಯ ಸನ್ನದೂ ಸಿಕ್ಕಿತು. ಅವರು ಮಾರುವ ಸಾಮಾನೇ ಇ ಇರುವ ಸ್ಟೇಷನರಿ. ಅಲ್ಲಿ ಕದಲದೆ ಕೂತವರ ಹತ್ತಿರ ಕಾಗದ ಇತ್ತು. ನಮ್ಮ ಕಚೇರಿಯಲ್ಲಿ ಕದಲದೆ ಕೂತವರು ಇದ್ದಾರೆ, ಕಾಗದವೊಂದು ಇಲ್ಲ.

ಬೆಂಚಿನ ಮೇಲೆ ಪಕ್ಕದಲ್ಲಿ ಮಧುಗಿರಿ ಕಡೆಯ ಯಜಮಾನರೊಬ್ಬರು ಕೂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಮಡಚಿ ಮಡಚಿ ನಾಲ್ಕು ತುಂಡಾಗೋ ಹಾಗಿದ್ದ ಪಹಣಿ.

"ಅದೇನ್ ಸ್ವಾಮಿ, ಆಗ್ಲಿಂದ ಬೀರು ನೋಡ್ತಿದೀರಾ?"

ಎ, ಇ ಎರಡನ್ನೂ ಬಿಡಿಸಿ ಹೇಳಿದೆ. ಗಮನವಿಟ್ಟು ಕೇಳಿದರು.

"ಒಳಗೇನೈತೆ ಅಂತ ನೋಡಿದೀರಾ?"

"ಇಲ್ಲ."

"ನೋಡ್ದೇನೆ ತಪ್ಪು ಅಂತೀರಲ್ಲ!"

ನಾನು ಸುಮ್ನಿರಬಹುದಿತ್ತು. ಇರಲಿಲ್ಲ. ಕೌಂಟರಿಗೆ ಹೋಗಿ, "ಸಾರ್, ಆ ಬೀರು ಮೇಲೆ ಎ ಬದಲು ಇ ಇರ್ಬೇಕಿತ್ತು" ಅಂದೆ.

ಕೇಸ್ ವರ್ಕರ್ ಕುರ್ಚಿ ಸಮೇತ ತಿರುಗಿದರು. ಅಷ್ಟು ವರ್ಷದಲ್ಲಿ ಅದನ್ನು ಮೊದಲ ಸಲ ಓದುತ್ತಿದ್ದಾರೇನೋ ಅನ್ನೋ ಹಾಗೆ ಓದಿದರು.

"ಒಂದಕ್ಷರ ತಾನೇ ಸಾರ್. ಅರ್ಥ ಆಗುತ್ತಲ್ಲ, ಬಿಡಿ."

"ಅರ್ಥವೇ ಬೇರೆ ಆಗುತ್ತೆ ಸಾರ್."

"ಅಯ್ಯೋ, ಹೇಳೋಕೆ ಎರಡೂ ಒಂದೇ ಥರ ಅಲ್ವಾ?"

ಹನುಮಂತ, ಅನುಮಂತ ಕೂಡ ನಮ್ಮೂರಲ್ಲಿ ಹೇಳೋಕೆ ಒಂದೇ ಥರ. ಮಾತು ತುದಿ ನಾಲಿಗೆವರೆಗೂ ಬಂತು. ನುಂಗಿಕೊಂಡೆ. ಫೈಲು ಅವರ ಮೊಣಕೈ ಕೆಳಗಿತ್ತು.

ಊರಿನ ಹೆಸರನ್ನೇ ನೋಡಿ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಇಂಗ್ಲಿಷಿನಲ್ಲಿ ಬದಲಾಯಿತು. ನಮ್ಮೂರಿಗೆ ನಡುವೆ ಒಂದು ಎ, ಕೊನೆಗೊಂದು ಯು ಸೇರಿತು. ಒಳ್ಳೆಯದೇ ಆಯ್ತು, ಟುಮ್ಕೂರ್ ಅಂತ ನಮ್ಮಲ್ಲಿ ಯಾರು ಕರೀತಿದ್ರು? ಆದರೆ ಎರಡಕ್ಷರ ದಪ್ಪಗಾದ ಊರು, "ಆ ಹಳೇ ಊರೂ ನಾನೇ" ಅಂತ ಸ್ಟಾಂಪ್ ಪೇಪರ್ ಹಿಡಿದು ನೋಟರಿ ಮುಂದೆ ನಿಲ್ಲಲಿಲ್ಲ. ಸರ್ಕಾರ ಆದೇಶ ಹೊರಡಿಸಿತು, ಮುಗೀತು. ಅಪ್ಪನಿಗೆ ಆದೇಶ ಹೊರಡಿಸೋ ಯೋಗ ಇರಲಿಲ್ಲ.

ಇನ್ನೊಂದು ಮಾತು. ಆ ಬೀರು ಮೇಲೆ ಕನ್ನಡದಲ್ಲಿ ಬರೆದಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಲೇಖನ ಸಾಮಗ್ರಿ ಅಂತ ಸರ್ಕಾರದ್ದೇ ಮಾತಿದೆ, ಅದನ್ನು ಹೆಸರಿನಲ್ಲಿ ಇಟ್ಟುಕೊಂಡ ಇಲಾಖೆಯೇ ಇದೆ. ಆಡಳಿತ ಭಾಷೆ ಕನ್ನಡ ಅನ್ನೋ ಕಾನೂನು 1963ರದ್ದು. ಅಂಗಡಿ ಬೋರ್ಡಿನಲ್ಲಿ ಶೇ 60 ಕನ್ನಡ ಇರಲೇಬೇಕು ಅಂತ 2024ರಲ್ಲಿ ಇನ್ನೊಂದು ಕಾನೂನು ಬಂತು. ಅಂಗಡಿಯವರು ಹಳೇ ಬೋರ್ಡು ಇಳಿಸಿ ಹೊಸದು ಹಾಕಿಸಿದರು. ಬೀರು ಅಂಗಡಿ ಅಲ್ಲವಲ್ಲ, ಅದು ಬಚಾವ್.

ಗೇಟಿನ ಎದುರಿಗಿನ ಝೆರಾಕ್ಸ್ ಅಂಗಡಿಗೆ ಹೋದೆ. ಬೋರ್ಡಿನಲ್ಲಿ ಸ್ಟೇಷನರಿ ಅಂತ ಕನ್ನಡದಲ್ಲಿ ದೊಡ್ಡದಾಗಿ, ಇಂಗ್ಲಿಷಿನಲ್ಲಿ ಸಣ್ಣದಾಗಿ. ಇ ಸರಿಯಾದ ಜಾಗದಲ್ಲೇ ಇತ್ತು. ಹಾಳೆಯೂ ಇತ್ತು. ಕಚೇರಿಗೆ ಬೇಕಾದ ಹಾಳೆ, ಟ್ಯಾಗು, ಅರ್ಜಿ ಫಾರಂ ಎಲ್ಲವೂ ಅಲ್ಲೇ ಸಿಗುತ್ತೆ. ಸಿಬ್ಬಂದಿಯನ್ನೊಂದು ಬಿಟ್ಟರೆ ಅದೂ ಒಂದು ಕಚೇರಿಯೇ.

ಟೈಪ್ ಮಾಡೋ ಹುಡುಗಿ ಪರದೆಯಿಂದ ಕಣ್ಣು ತೆಗೆಯದೆ, "ಹೆಸರು ಹೇಳಿ ಅಂಕಲ್" ಅಂದಳು. ಹೇಳಿದೆ. "ಇನ್ನೊಂದು ಹೆಸರು?" ಅದನ್ನೂ ಹೇಳಿದೆ. ಒಂದು ಕ್ಷಣ ನನ್ನ ಮುಖ ನೋಡಿದಳು, ಆಮೇಲೆ ಟಪಟಪ ಹೊಡೆದಳು. ನೋಟರಿ ಪಕ್ಕದಲ್ಲೇ ಹೊಂಗೆ ಮರದ ಕೆಳಗೆ ಟೇಬಲ್ ಹಾಕಿಕೊಂಡಿದ್ದರು. ಓದದೆ ಸೀಲು ಒತ್ತಿದರು. ನಾನೂ ಓದದೆ ಸಹಿ ಹಾಕಿದೆ. ಓದಿದ್ದು ಕಚೇರಿಯ ಮೆಟ್ಟಿಲು ಹತ್ತುವಾಗ.

"ಅನುಮಂತಯ್ಯ ಮತ್ತು ಅನುಮಂತಯ್ಯ ಎಂಬ ಎರಡೂ ಹೆಸರುಗಳು ಒಬ್ಬರೇ ವ್ಯಕ್ತಿಯದ್ದಾಗಿರುತ್ತವೆ ಎಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ."

ನನ್ನ ಬಾಯಲ್ಲೂ ಹ ಹೊರಡಲ್ಲ ಅಂತ ಗೊತ್ತಾಗಿದ್ದು ಅವತ್ತೇ.

ತಿರುಗಿ ಹೋಗೋಣ ಅಂದುಕೊಳ್ಳುವಷ್ಟರಲ್ಲಿ ಕೇಸ್ ವರ್ಕರ್ ಕೈ ಚಾಚಿದರು. ಕೊಟ್ಟೆ. ಒಂದು ಹೆಸರಿನ ಮೇಲೆ ಬೆರಳಿಟ್ಟರು, ಇನ್ನೊಂದರ ಮೇಲೆ ಪೆನ್ನಿಟ್ಟರು. ತುಟಿ ಅಲ್ಲಾಡಿಸಿಕೊಂಡು ಎರಡನ್ನೂ ತಾಳೆ ನೋಡಿದರು.

"ಹೂಂ. ಎರಡೂ ಟ್ಯಾಲಿ ಆಗ್ತಿದೆ. ಈಗ ಸರಿಯಾಯ್ತು ನೋಡಿ ಸಾರ್."

ಹೇಳಬೇಕಿತ್ತು. ಹೇಳಲಿಲ್ಲ. ಇನ್ನೊಂದು ಸೋಮವಾರ ಯಾರಿಗೆ ಬೇಕು?

ಅಫಿಡವಿಟ್ಟನ್ನು ಫೈಲಿಗೆ ಸೇರಿಸಿ, ಟ್ಯಾಗು ಬಿಗಿದು, ಎದ್ದು ಹೋಗಿ ಬೀರುವಿನ ಬೀಗ ತೆಗೆದರು. ಬಾಗಿಲು ಕಿರ್ರ್ ಅಂತ ತೆರೆದುಕೊಂಡಿತು. ನಾನು ಕತ್ತು ಚಾಚಿದೆ. ಒಂದು ಹಾಳೆ ಇಲ್ಲ, ಒಂದು ಪೆನ್ನಿಲ್ಲ, ಗುಂಡುಸೂಜಿಯ ಡಬ್ಬಿ ಕೂಡ ಇಲ್ಲ. ಮೇಲಿನಿಂದ ಕೆಳಗಿನವರೆಗೆ ಬರೀ ಫೈಲುಗಳು, ಅಂಚು ಹಳದಿಯಾದವು, ಇಲಿ ಕಡಿದವು, ಕಟ್ಟಿದ ದಾರ ಬಣ್ಣ ಬಿಟ್ಟವು. ನನ್ನದನ್ನು ಅದರ ನಡುವೆ ಜಾಗ ಮಾಡಿ ತುರುಕಿ, ಮೊಣಕಾಲಲ್ಲಿ ಒತ್ತಿ ಬಾಗಿಲು ಹಾಕಿದರು.

ಯಜಮಾನರು ಬೆಂಚಿನಿಂದಲೇ ಎಲ್ಲ ನೋಡುತ್ತಿದ್ದರು.

"ಬೋರ್ಡ್ ಬರ್ದೋನು ಓದಿದೋನೇ ಬಿಡಿ ಸ್ವಾಮಿ" ಅಂದರು.