'ವೈಲ್ಡ್' ಅಮ್ಮನ ಸಿನಿಮಾ ಕಣ್ರೀ

'ವೈಲ್ಡ್' ಸಿನಿಮಾ ಬಗ್ಗೆ ಯಾರನ್ನ ಕೇಳಿದ್ರೂ ಒಂದೇ ಮಾತು, ಹುಡುಗಿ ಒಬ್ಳೇ ದೊಡ್ಡ ಬ್ಯಾಗ್ ಹಾಕ್ಕೊಂಡು ಕಾಡಿಗೆ ಹೋಗ್ತಾಳೆ, ನಡೀತಾಳೆ ನಡೀತಾಳೆ ನಡೀತಾನೇ ಇರ್ತಾಳೆ, ಕೊನೆಗೆ ತನ್ನನ್ನ ತಾನು ಕಂಡ್ಕೋತಾಳೆ, ಸಖತ್ ಮೋಟಿವೇಷನ್, ನೋಡ್ಲೇಬೇಕು ಅಂತ. ನನಗನ್ಸೋದು, ಈ ಸಿನಿಮಾನ ಇಷ್ಟ ಪಡೋರೇ ಅದನ್ನ ಸಣ್ಣದು ಮಾಡ್ತಿದಾರೆ. ಕೆಲ್ಸ ಬಿಟ್ಟು ಬ್ಯಾಗ್ ಎತ್ಕೊಂಡು ಹೊರಡಿ, ಎಲ್ಲಾ ಸರಿಹೋಗುತ್ತೆ ಅನ್ನೋ ಪೋಸ್ಟರ್ ಥರ ಮಾಡ್ಬಿಟ್ಟಿದಾರೆ. ಇದು ಸೋಲೋ ಟ್ರಿಪ್ ಸಿನಿಮಾ ಅಲ್ವೇ ಅಲ್ಲ. ಅಮ್ಮನ್ನ ಕಳ್ಕೊಂಡ ಮಗಳೊಬ್ಳು ನಾಲ್ಕು ವರ್ಷ ಆದ್ರೂ ಸರಿಯಾಗಿ ಅಳೋಕಾಗ್ದೆ ಇದ್ದಿದ್ದು, ಆಮೇಲೆ ಅತ್ತಿದ್ದು, ಅಷ್ಟೇ ಕಥೆ. ನಡಿಗೆ ಅದಕ್ಕೆ ಸಿಕ್ಕ ಜಾಗ.

ನೋಡ್ದೇ ಇರೋರಿಗೆ ಬೇಗ ಹೇಳ್ಬಿಡ್ತೀನಿ. 2014ರ ಸಿನಿಮಾ, ಡೈರೆಕ್ಟರ್ ಜಾನ್-ಮಾರ್ಕ್ ವಾಲೇ, ಕೆನಡಾದವರು, 2021ರಲ್ಲಿ ತೀರ್ಕೊಂಡ್ರು. ಸ್ಕ್ರೀನ್‌ಪ್ಲೇ ನಿಕ್ ಹಾರ್ನ್‌ಬಿ. ಶೆರಿಲ್ ಸ್ಟ್ರೇಡ್ ಅನ್ನೋ ಅಮೆರಿಕನ್ ಲೇಖಕಿ 2012ರಲ್ಲಿ ತಂದ ತನ್ನದೇ ಅನುಭವದ ಪುಸ್ತಕ ಇದಕ್ಕೆ ಆಧಾರ. ಆಕೆ 1995ರಲ್ಲಿ, 26ನೇ ವಯಸ್ಸಲ್ಲಿ, ಅದಕ್ಕೂ ಮುಂಚೆ ಬೆನ್ನಿಗೆ ಟೆಂಟ್ ಕಟ್ಕೊಂಡು ಒಂದು ರಾತ್ರಿನೂ ನಡೆದು ಗೊತ್ತಿಲ್ದೆ, ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಅನ್ನೋ ಕಾಲ್ದಾರೀಲಿ 1,100 ಮೈಲಿಗಿಂತ ಜಾಸ್ತಿ ನಡೆದ್ಲು. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಿಂದ ಶುರು ಮಾಡಿ ಆರೆಗಾನ್ ದಾಟೋವರ್ಗೂ, 94 ದಿನ. ಸಿನಿಮಾದಲ್ಲಿ ಆಕೆ ಪಾತ್ರ ರೀಸ್ ವಿದರ್‌ಸ್ಪೂನ್, ಅಮ್ಮ ಬಾಬಿ ಪಾತ್ರ ಲಾರಾ ಡರ್ನ್. ಇಬ್ರಿಗೂ ಆಸ್ಕರ್ ನಾಮಿನೇಷನ್ ಬಂತು, ಇಬ್ರಿಗೂ ಸಿಗ್ಲಿಲ್ಲ.

ಈಗ ಅಮ್ಮನ ವಿಷ್ಯಕ್ಕೆ ಬರೋಣ.

ಬಾಬಿ ಕುಡಿದು ಹೊಡೆಯೋ ಗಂಡನ್ನ ಬಿಟ್ಟು ಬಂದೋಳು, ವೇಟ್ರೆಸ್ ಕೆಲ್ಸ ಮಾಡಿ ಮಕ್ಳನ್ನ ಸಾಕಿದೋಳು, ಮಗಳು ಓದೋ ಹೊತ್ತಿಗೆ ತಾನೂ ಕಾಲೇಜು ಸೇರ್ಕೊಂಡೋಳು. ಅಡುಗೆಮನೇಲಿ ಹಾಡ್ಕೊಂಡು ಕೆಲ್ಸ ಮಾಡ್ತಿರ್ತಾಳೆ, ಮಗಳಿಗೆ ಅದೇ ಕಿರಿಕಿರಿ, ನಮ್ಹತ್ರ ಏನೂ ಇಲ್ಲ, ನೀನ್ಯಾಕೆ ಇಷ್ಟು ಖುಷಿಯಾಗಿದೀಯ ಅನ್ನೋ ಸಿಟ್ಟು. ಇನ್ನೊಂದ್ಕಡೆ ಮಗಳು ಅಮ್ಮನ್ನ ಕೇಳ್ತಾಳೆ, ನನ್ ವಯಸ್ಸಲ್ಲಿ ನೀನಿದ್ದಿದ್ದಕ್ಕಿಂತ ನಾನು ಎಷ್ಟೋ ಮುಂದೆ ಇದೀನಿ, ನಿನಗದು ಒಂಥರಾ ಅನ್ಸಲ್ವಾ ಅಂತ. ಅಮ್ಮ ಕೋಪ ಮಾಡ್ಕೊಳ್ಳಲ್ಲ. ನಾನು ಬಯಸಿದ್ದೇ ಅದು, ಆದ್ರೆ ಆಗಾಗ ಇಷ್ಟು ನೋವಾಗುತ್ತೆ ಅಂತ ಗೊತ್ತಿರ್ಲಿಲ್ಲ ಅನ್ನೋ ಅರ್ಥದಲ್ಲಿ ಒಂದು ಮಾತು ಹೇಳಿ ಸುಮ್ನಾಗ್ತಾಳೆ. ಲಾರಾ ಡರ್ನ್ ಅದನ್ನ ಹೇಳೋ ರೀತಿ ನೋಡ್ಬೇಕು ನೀವು, ನಗ್ತಾನೇ ಹೇಳ್ತಾಳೆ, ಆದ್ರೂ ಮಾತು ಎಲ್ಲಿಗೆ ತಾಗಿದೆ ಅಂತ ನಮಗೆ ಗೊತ್ತಾಗುತ್ತೆ, ಮಗಳಿಗೆ ಆಗಲ್ಲ. (ಅಂದ್ಹಾಗೆ ಲಾರಾ ಡರ್ನ್‌ಗೂ ರೀಸ್‌ಗೂ ನಿಜದಲ್ಲಿ ಇರೋದು ಒಂಬತ್ತೇ ವರ್ಷ ವ್ಯತ್ಯಾಸ, ಹಾಲಿವುಡ್ ಹೆಂಗಸರನ್ನ ಎಷ್ಟು ಬೇಗ ಅಮ್ಮ ಮಾಡ್ಬಿಡುತ್ತೆ ನೋಡಿ. ಆದ್ರೂ ಒಂದ್ ಕ್ಷಣಕ್ಕೂ ನಂಗೆ ಡೌಟ್ ಬರ್ಲಿಲ್ಲ.)

ಆಮೇಲೆ ಕ್ಯಾನ್ಸರ್. ಶ್ವಾಸಕೋಶದ್ದು. ಗೊತ್ತಾದ ಏಳನೇ ವಾರಕ್ಕೆ ಬಾಬಿ ಇಲ್ಲ. ಆಕೆಗೆ 45, ಮಗಳಿಗೆ 22. ಅದಾದ್ಮೇಲೆ ಶೆರಿಲ್ ಹೆಂಗಾದ್ಲು ಅನ್ನೋದು ಸಿನಿಮಾದ ಕಷ್ಟದ ಭಾಗ, ಒಳ್ಳೆ ಗಂಡ ಇದ್ರೂ ಕಂಡೋರ ಜೊತೆ ಮಲಗೋದು, ಹೆರಾಯಿನ್, ಡಿವೋರ್ಸ್. ನಮ್ಮಲ್ಲಿ ಕೆಲವ್ರು ಇದನ್ನ ನೋಡಿ 'ಇಂಥೋಳ ಕಥೆ ನಾವ್ಯಾಕೆ ನೋಡ್ಬೇಕು' ಅಂದಿದ್ದೂ ಇದೆ. ನಂಗಂತೂ ಆ ಭಾಗ ಇಲ್ದಿದ್ರೆ ಸಿನಿಮಾನೇ ಇಲ್ಲ ಅನ್ಸುತ್ತೆ. ದುಃಖ ಅಂದ್ರೆ ಮೂಲೇಲಿ ಕೂತು ಕಣ್ಣೀರು ಹಾಕೋದು ಅಂತ ಸಿನಿಮಾಗಳು ನಮಗೆ ಕಲ್ಸಿವೆ. ಆಕೆಯದು ಆ ಥರದ್ದಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯೋ ದುಃಖ ಅದು, ಮೊದ್ಲು ತನ್ನನ್ನೇ.

ಎಡಿಟಿಂಗ್ ಬಗ್ಗೆ ಹೇಳ್ದೆ ಇರೋಕಾಗಲ್ಲ. ಫ್ಲ್ಯಾಶ್‌ಬ್ಯಾಕ್‌ಗಳು ನೀಟಾಗಿ 'ನಾಲ್ಕು ವರ್ಷದ ಹಿಂದೆ' ಅಂತ ಬೋರ್ಡ್ ಹಾಕ್ಕೊಂಡು ಬರಲ್ಲ. ಆಕೆ ನಡೀತಿರ್ತಾಳೆ, ಉಸಿರು, ಶೂ ಸದ್ದು, ಸಡನ್ನಾಗಿ ಅಮ್ಮನ ಕೈ ಒಂದು ಸೆಕೆಂಡು, ಮತ್ತೆ ದಾರಿ, ಆಮೇಲೆ ಯಾವ್ದೋ ಹಾಡಿನ ಅರ್ಧ ಸಾಲು, ಅದೂ ಪೂರ್ತಿ ಕೇಳ್ಸಲ್ಲ, ಆಕೆ ತಲೇಲಿ ಗುನುಗೋ ಥರ ದೂರದಿಂದ ಬರುತ್ತೆ. ಸೈಮನ್ ಅಂಡ್ ಗಾರ್‌ಫಂಕಲ್‌ರ 'ಎಲ್ ಕಾಂಡೋರ್ ಪಾಸಾ' ಹಿಂಗೇ ತುಂಡುತುಂಡಾಗಿ ಸಿನಿಮಾ ಪೂರ್ತಿ ಓಡಾಡುತ್ತೆ. ಒಬ್ರೇ ಗಂಟೆಗಟ್ಲೆ ನಡೆದೋರಿಗೆ ಇದು ಗೊತ್ತಿರುತ್ತೆ, ತಲೇಲಿ ಯಾವ ದೊಡ್ಡ ಚಿಂತನೆನೂ ನಡೆಯಲ್ಲ, ಅದೇ ಒಂದು ಹಾಡು, ಅದೇ ಒಂದು ಹಳೇ ಜಗಳ, ಹಸಿವು. ಎಡಿಟರ್ ಹೆಸರಲ್ಲಿ ಜಾನ್ ಮ್ಯಾಕ್ ಮೆಕ್‌ಮರ್ಫಿ ಅಂತ ಬರುತ್ತಲ್ಲ, ಅದು ವಾಲೇ ಅವರೇ, ಬೇರೆ ಹೆಸರಲ್ಲಿ, ಮಾರ್ಟಿನ್ ಪೆನ್ಸಾ ಜೊತೆ ಸೇರ್ಕೊಂಡು ಮಾಡಿದ್ದು.

ಕಾಮಿಡಿನೂ ಇದೆ, ಅದನ್ಯಾರೂ ಹೇಳಲ್ಲ. ಹೊರಡೋ ದಿನ ಮೋಟೆಲ್ ರೂಮಲ್ಲಿ ಬ್ಯಾಗ್ ತುಂಬಿ ಬೆಲ್ಟ್ ಹಾಕ್ಕೋತಾಳೆ, ಎದ್ದೇಳೋಕೇ ಆಗಲ್ಲ, ನೆಲದ ಮೇಲೆ ಒದ್ದಾಡ್ತಾಳೆ. ಸ್ಟವ್‌ಗೆ ತಪ್ಪು ಇಂಧನ ತಂದಿರ್ತಾಳೆ, ಹಾಗಾಗಿ ದಿನಗಟ್ಲೆ ತಣ್ಣಗಿರೋ ಗಂಜಿಯಂಥದ್ದನ್ನೇ ತಿಂತಾಳೆ. ಶೂ ಚಿಕ್ಕದು, ಉಗುರು ಕಿತ್ತು ಬರುತ್ತೆ. ಸಿನಿಮಾ ಶುರುವಾಗೋದೇ ಅಲ್ಲಿಂದ, ಬಂಡೆ ಮೇಲೆ ಕೂತು ಉಗುರು ಕೀಳ್ತಾಳೆ, ಒಂದು ಶೂ ಕೆಳಗೆ ಉರುಳಿ ಹೋಗುತ್ತೆ, ಸಿಟ್ಟಲ್ಲಿ ಇನ್ನೊಂದನ್ನೂ ಎಸೆದು ಕಿರುಚ್ತಾಳೆ. ಈ ರೀತಿ ತಯಾರಿ ಇಲ್ದೆ ಹೊರಟಿದ್ದಕ್ಕೆ ಅನುಭವಿ ಟ್ರೆಕ್ಕರ್‌ಗಳು ಆಕೆನ ಬೈತಾರೆ. ಬೈಬೇಕಾದ್ದೇ, ಆ ಮರುಭೂಮೀಲಿ ನೀರು ಮುಗಿದ್ರೆ ತಮಾಷೆ ಅಲ್ಲ. ಆದ್ರೆ ತಯಾರಾಗಿ ಹೊರಡೋ ಸ್ಥಿತೀಲಿ ಇದ್ದಿದ್ರೆ ಆಕೆ ಹೊರಡ್ತಾನೇ ಇರ್ಲಿಲ್ಲ ಅನ್ನೋದೂ ಅಷ್ಟೇ ನಿಜ.

ನಂಗೆ ತುಂಬಾ ಇಷ್ಟ ಆಗಿದ್ದು, ಅಥ್ವಾ ಇಷ್ಟ ಅನ್ನೋದಕ್ಕಿಂತ ಎದೆ ಹಿಡ್ಕೊಂಡು ನೋಡಿದ್ದು, ಗಂಡಸರ ಜೊತೆಗಿನ ಸೀನ್‌ಗಳು. ಮೊದಲ ದಿನಗಳಲ್ಲೇ ಊಟಕ್ಕಿಲ್ದೆ, ಟ್ರ್ಯಾಕ್ಟರ್ ಓಡಿಸ್ತಿದ್ದ ಫ್ರಾಂಕ್ ಅನ್ನೋ ಒಬ್ಬ ವಯಸ್ಸಾದವನ ಹತ್ರ ಸಹಾಯ ಕೇಳ್ತಾಳೆ. ಕತ್ತಲಾಗ್ತಿದೆ, ಇಬ್ರೇ, ಆತನ ಟ್ರಕ್ ಒಳಗೆ ಕೂತಿದಾಳೆ. ನಾವೂ ಬೆವರ್ತೀವಿ. ಆಕೆ ಸುಮ್ಸುಮ್ನೆ ಸುಳ್ಳು ಹೇಳ್ತಾಳೆ, ಗಂಡ ಮುಂದೆ ಹೋಗಿದಾನೆ, ಸಿಗ್ತಾನೆ ಅಂತ. ಕೊನೆಗೆ ನೋಡಿದ್ರೆ ಆತ ಮನೆಗೆ ಕರ್ಕೊಂಡು ಹೋಗಿ ಹೆಂಡ್ತಿ ಕೈಲಿ ಊಟ ಹಾಕ್ಸೋ ಪಾಪದ ಮನುಷ್ಯ. ಸುಮಾರು ಸಿನಿಮಾ ಆದ್ಮೇಲೆ ಬಿಲ್ಲುಬಾಣ ಹಿಡ್ಕೊಂಡ ಇಬ್ರು ಬೇಟೆಗಾರರು ಬರ್ತಾರೆ, ನೀರು ಕೇಳ್ತಾರೆ, ನಗ್ನಗ್ತಾ ಮಾತಾಡ್ತಾರೆ, ಹೋಗ್ತಾರೆ, ಆಮೇಲೆ ಅವರಲ್ಲೊಬ್ಬ ವಾಪಸ್ ಬರ್ತಾನೆ. ಏನೂ ಆಗಲ್ಲ. 'ಏನೂ ಆಗಲ್ಲ' ಅಂತ ಬರೆಯೋದು ಸುಲಭ, ಆ ನಾಲ್ಕು ನಿಮಿಷ ಆಕೆ ಮುಖ ನೋಡಿ. ಯಾರನ್ನ ನಂಬ್ಬೇಕು ಅಂತ ಮೊದಲೇ ತಿಳ್ಕೊಳ್ಳೋ ದಾರಿ ಇಲ್ಲ, ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕ್ಬೇಕು, ಹಾವು ಎದುರಾದಾಗ್ಲೂ ಆಕೆ ಇಷ್ಟು ಲೆಕ್ಕ ಹಾಕಿರಲ್ಲ. ಗಂಡಸೊಬ್ಬ ಕಾಡಿಗೆ ಹೋಗೋ ಸಿನಿಮಾಗಳಲ್ಲಿ ಈ ಲೆಕ್ಕ ಇರೋದೇ ಇಲ್ಲ, ಅವನಿಗೆ ಹವಾಮಾನ ಒಂದೇ ಶತ್ರು.

ಹಂಗಂತ ಆಕೆ ಪೂರ್ತಿ ಒಂಟಿನೂ ಅಲ್ಲ. ದಾರಿ ಮೇಲೆ ಅಲ್ಲಲ್ಲಿ ರಿಜಿಸ್ಟರ್ ಇರುತ್ತೆ, ಹೋಗೋರು ಹೆಸರು, ತಾರೀಖು, ಒಂದು ಸಾಲು ಬರೆದು ಹೋಗ್ತಾರೆ, ಈಕೆ ಕವಿ ಎಮಿಲಿ ಡಿಕಿನ್ಸನ್ ಸಾಲು ಬರೆದು ಪಕ್ಕದಲ್ಲಿ ತನ್ನ ಹೆಸರನ್ನೂ ಸೇರಿಸ್ತಾಳೆ (ಸ್ವಲ್ಪ ಓವರ್, ಆದ್ರೆ ಆ ವಯಸ್ಸಲ್ಲಿ ಎಲ್ರೂ ಓವರ್ರೇ). ಮೊದಲೇ ಪ್ಯಾಕ್ ಮಾಡಿಟ್ಟ ಊಟದ ಬಾಕ್ಸ್‌ಗಳು ಮುಂದಿನ ಊರಿಗೆ ಪಾರ್ಸೆಲ್ ಬರ್ತವೆ. ಕೆನಡಿ ಮೆಡೋಸ್ ಅನ್ನೋ ಜಾಗದಲ್ಲಿ ಎಡ್ ಅನ್ನೋ ಒಬ್ಬ ಆಕೆ ಬ್ಯಾಗ್ ಬಿಚ್ಚಿ ಒಂದೊಂದೇ ಹೊರಗೆ ತೆಗೆದು, ಇದು ಬೇಕಾ, ಇದು ಬೇಕಾ ಅಂತ ಕೇಳಿ ಭಾರ ಇಳಿಸ್ತಾನೆ.

ಈಗ ನಂಗೆ ಬಹಳ ಕಾಡಿದ ವಿಷ್ಯ. ಈ ಟ್ರೇಲ್ ಪೂರ್ತಿ ಸುಮಾರು 2,650 ಮೈಲಿ, ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿವರ್ಗೂ. ಆಕೆ ಅದರ ಅರ್ಧಕ್ಕಿಂತ ಕಮ್ಮಿನೇ ನಡೆದಿದ್ದು. 1995ರಲ್ಲಿ ಸಿಯೆರಾ ನೆವಾಡಾ ಬೆಟ್ಟಸಾಲಲ್ಲಿ ವಿಪರೀತ ಹಿಮ, ಹಾಗಾಗಿ ಆ ಭಾಗ ಬಿಟ್ಟು ಬಸ್ ಹತ್ತಿ ಮುಂದೆ ಹೋಗಿ ಮತ್ತೆ ದಾರಿ ಹಿಡಿದ್ಲು. ಆ ಬಿಟ್ಟ ಭಾಗದಲ್ಲೇ ಇರೋದು ಫಾರೆಸ್ಟರ್ ಪಾಸ್, 13,153 ಅಡಿ, ಇಡೀ ದಾರಿಯ ಅತಿ ಎತ್ತರದ ಜಾಗ. ಆಕೆ ನಡಿಗೆ ಮುಗಿಸಿದ್ದು ಎಲ್ಲಿ ಅಂದ್ರೆ ಆರೆಗಾನ್-ವಾಷಿಂಗ್ಟನ್ ಗಡೀಲಿ ಕೊಲಂಬಿಯಾ ನದಿ ಮೇಲಿರೋ 'ಬ್ರಿಜ್ ಆಫ್ ದಿ ಗಾಡ್ಸ್' ಸೇತುವೆ ಹತ್ರ, ಅದು ಇಡೀ ಟ್ರೇಲ್‌ನ ಅತಿ ತಗ್ಗಿನ ಜಾಗ! ಅಂದ್ರೆ ಶಿಖರ ಹತ್ತೇ ಇಲ್ಲ, ಇಳಿದು ಇಳಿದು ನದಿ ಹತ್ರ ಬಂದು ನಿಂತಿದಾಳೆ. ಸಿನಿಮಾ ಇದನ್ನ ಎಲ್ಲೂ ಬಾಯ್ಬಿಟ್ಟು ಹೇಳಲ್ಲ. ನನಗೆ ಮಾತ್ರ ಇದು ಗೊತ್ತಾದ್ಮೇಲೆ ಆ 'ಗೆದ್ದ ಹೆಣ್ಣು' ಪೋಸ್ಟರ್‌ಗಳೆಲ್ಲ ಇನ್ನೂ ತಮಾಷೆಯಾಗಿ ಕಾಣ್ತವೆ. ಪೂರ್ತಿ ನಡೀಲಿಲ್ಲ, ಕಷ್ಟದ ಜಾಗ ಸ್ಕಿಪ್ ಮಾಡಿದ್ಲು ಅಂತ ಮೂಗು ಮುರಿಯೋರಿಗೆ, ಸರಿ ಸ್ವಾಮಿ, ಆಕೆ ರೆಕಾರ್ಡ್ ಮಾಡೋಕೆ ಹೋಗಿರ್ಲಿಲ್ಲ.

ಹಾಗಿದ್ರೆ ಕ್ಲೈಮ್ಯಾಕ್ಸ್ ಎಲ್ಲಿದೆ? ಸೇತುವೆ ಮೇಲಲ್ಲ. ಅದಕ್ಕೂ ಸ್ವಲ್ಪ ಮುಂಚೆ, ಮಳೆ ಬಿದ್ದ ಕಾಡಲ್ಲಿ ಅಜ್ಜಿ ಜೊತೆ ಬರೋ ಒಬ್ಬ ಪುಟ್ಟ ಹುಡುಗ ಸಿಗ್ತಾನೆ. ಅಮ್ಮನ ಬಗ್ಗೆ ಕೇಳ್ತಾನೆ, ಆಮೇಲೆ ತನಗೆ ಬರೋ ಒಂದು ಹಳೇ ಹಾಡು ಹಾಡಿ ಹೋಗ್ತಾನೆ. ಅವರು ಮರೆಯಾದ್ಮೇಲೆ ಶೆರಿಲ್ ಮಂಡಿ ಊರಿ ಬಿದ್ದು ಅಳ್ತಾಳೆ, ನೀನಿಲ್ದೆ ಆಗ್ತಿಲ್ಲ ಅಂತ ಅಮ್ಮನ್ನ ನೆನೆದು. ಈ ಒಂದು ಮಾತು ಬಾಯಿಂದ ಬರೋಕೆ ಅಷ್ಟು ಮೈಲಿ ಬೇಕಾಯ್ತು. ಆಕೆಗೆ ಅಲ್ಲಿ ತಾನು ಯಾರು ಅಂತ ಹೊಸದಾಗಿ ಏನೂ ಹೊಳೆಯಲ್ಲ.

ಇಷ್ಟಾದ್ಮೇಲೆ ಸಿನಿಮಾ ನಿಲ್ಸಿದ್ರೆ ಚೆನ್ನಾಗಿತ್ತು. ಸೇತುವೆ ಮೇಲೆ ವಾಯ್ಸ್ ಓವರ್ ಹಾಕಿ, ಮುಂದೆ ಮದುವೆ ಆಗ್ತೀನಿ, ಮಗ ಹುಟ್ತಾನೆ, ಮಗಳು ಹುಟ್ತಾಳೆ ಅಂತೆಲ್ಲ ಹೇಳ್ಸಿದಾರೆ, ಆಕೆ ವಾಸಿಯಾದ್ಲು ಅನ್ನೋದಕ್ಕೆ ಸರ್ಟಿಫಿಕೇಟ್ ಕೊಟ್ಟ ಹಂಗೆ. ಪುಸ್ತಕದಲ್ಲಿದೆ ಅಂತ ಇಟ್ಕೊಂಡಿರ್ಬೋದು, ಓದೋವಾಗ ಅದು ಇಷ್ಟು ಚುಚ್ಚಲ್ಲ. ಆದ್ರೆ ಆ ಮಗಳಿಗೆ ಅಜ್ಜಿ ಹೆಸರನ್ನೇ ಇಟ್ಟಿರ್ತಾರೆ, ಮತ್ತೆ ಸಿನಿಮಾದಲ್ಲಿ ಚಿಕ್ಕ ವಯಸ್ಸಿನ ಶೆರಿಲ್ ಆಗಿ ನಟಿಸಿರೋದು ಶೆರಿಲ್ ಅವರ ಅದೇ ಮಗಳು. ಲಾರಾ ಡರ್ನ್ ಪಕ್ಕದಲ್ಲಿ ಆ ಹುಡುಗಿನ ನೋಡ್ದಾಗೆಲ್ಲ, ತಾನು ಕಾಣದ ಅಜ್ಜಿಯ ಮಗಳಾಗಿ ನಟಿಸ್ತಿದಾಳಲ್ಲ ಅಂತ ನಂಗೆ ಸಿನಿಮಾನೇ ಮರ್ತೋಗ್ತಿತ್ತು.

ಇದರ ಜೊತೆ 2013ರ 'ಟ್ರ್ಯಾಕ್ಸ್' ಕೂಡ ನೋಡಿ. 1977ರಲ್ಲಿ ರಾಬಿನ್ ಡೇವಿಡ್‌ಸನ್ ಅನ್ನೋಳು ನಾಲ್ಕು ಒಂಟೆ, ಒಂದು ನಾಯಿ ಕಟ್ಕೊಂಡು ಆಸ್ಟ್ರೇಲಿಯಾದ ಮರುಭೂಮೀಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ಸಮುದ್ರದವರ್ಗೂ ಹೋಗಿದ್ದು, ಸುಮಾರು 2,700 ಕಿಲೋಮೀಟರ್. ಆಕೆನೂ ಚಿಕ್ಕವಳಿದ್ದಾಗ್ಲೇ ಅಮ್ಮನ್ನ ಕಳ್ಕೊಂಡೋಳು. ಆ ಸಿನಿಮಾ ಇದಕ್ಕಿಂತ ಕಡಿಮೆ ಮಾತಾಡುತ್ತೆ, ಯಾಕೆ ಹೊರಟೆ ಅಂತ ಎಲ್ರೂ ಕೇಳ್ತಾರೆ, ಆಕೆ ನೆಟ್ಟಗೆ ಉತ್ರ ಕೊಡಲ್ಲ. ಎರಡರಲ್ಲಿ ಒಂದೇ ಆರಿಸು ಅಂದ್ರೆ ನಾನು 'ವೈಲ್ಡ್' ಅಂತೀನಿ, ಲಾರಾ ಡರ್ನ್‌ಗೋಸ್ಕರ. ಆದ್ರೆ ವೀಕೆಂಡ್‌ಗೆ ಮೋಟಿವೇಷನ್ ಬೇಕು ಅಂತ ಹಾಕ್ಬೇಡಿ. ಅಮ್ಮನ ಕುದುರೆಯ ಸೀನ್ ಒಂದಿದೆ, ಡಾಕ್ಟ್ರಿಗೆ ಕೊಡೋಕೆ ದುಡ್ಡಿಲ್ದೆ ಮಕ್ಳೇ ಅದನ್ನ ಸಾಯಿಸ್ಬೇಕಾಗಿ ಬರೋದು, ಅದನ್ನ ಮಾತ್ರ ನಾನು ಎರಡನೇ ಸಲ ನೋಡೋವಾಗ ಫಾರ್ವರ್ಡ್ ಮಾಡ್ದೆ.