ಮರೆವು ಅಂತೆ!

ಮೊನ್ನೆ ಮಾತ್ರೆ ತರೋಕೆ ಹೋಗಿದ್ದೆ. ಕೌನ್ಸೆಲರ್ ಮೇಡಂ ನನ್ನ ಬಾಟ್ಲಿಯನ್ನು ಮೇಜಿನ ಮೇಲೆ ಕವುಚಿ ಎಣಿಸಿದರು. ಎರಡು ಮಾತ್ರೆ ಜಾಸ್ತಿ ಉಳಿದಿತ್ತು. ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿದರು. ನಾನು ಬಾಯಿ ತೆಗೆಯುವ ಮುಂಚೆಯೇ ಕಾರ್ಡಿನಲ್ಲಿ ಕಾರಣದ ಜಾಗದಲ್ಲಿ ಬರೆದೇ ಬಿಟ್ಟರು. ಮರೆವು.

ಮರೆವು ಅಂತೆ! 2012ರಿಂದ ಎಆರ್‌ಟಿ ಮಾತ್ರೆ, ಅಂದರೆ ಎಚ್‌ಐವಿ ವೈರಸ್ಸನ್ನು ಅದುಮಿಡುವ ಮದ್ದು, ನುಂಗುತ್ತಾ ಇದ್ದೇನೆ. ಗ್ಯಾಸ್ ಬುಕ್ ಮಾಡೋದು ಮರೆತಿದ್ದೇನೆ. ಗಿರಾಕಿಯ ರವಿಕೆಗೆ ಹುಕ್ ಇಡೋದು ಮರೆತು ಬೈಸಿಕೊಂಡಿದ್ದೇನೆ. ತಮ್ಮನ ಮಗಳ ಹುಟ್ಟುಹಬ್ಬ ಪ್ರತಿ ವರ್ಷ ಮರೆಯುತ್ತೇನೆ. ಈ ಮಾತ್ರೆಯನ್ನು ಮಾತ್ರ ಒಂದು ದಿನವೂ ಮರೆತಿಲ್ಲ. ಮರೆಯೋಕೆ ಬಿಟ್ಟರೆ ತಾನೇ? ರಾತ್ರಿ 9 ಆಗುತ್ತಿದ್ದ ಹಾಗೆ ಹೊಟ್ಟೆಯೊಳಗೆ ಯಾರೋ ಗಂಟೆ ಬಾರಿಸಿದ ಹಾಗಾಗುತ್ತದೆ.

ಆ ಎರಡು ಮಾತ್ರೆ ಯಾಕೆ ಉಳೀತು ಅಂತ ಹೇಳುತ್ತೇನೆ, ಕೇಳಿ.

ಕುಂಬಳೆ ಕಡೆ ನಮ್ಮ ಕುಟುಂಬದ ಮೂಲಮನೆ, ತರವಾಡು ಮನೆಯಲ್ಲಿ ದೈವದ ನೇಮ ಇತ್ತು. ಎರಡು ರಾತ್ರಿ ಉಳೀಬೇಕು. ಮನೆ ತುಂಬ ಜನ. ಕಳವು ಆಗಬಾರದು ಅಂತ ಹೆಂಗಸರ ಬ್ಯಾಗು, ಚಿನ್ನ, ಸೀರೆ ಎಲ್ಲವನ್ನೂ ಒಂದು ಕೋಣೆಗೆ ಹಾಕಿ ಬೀಗ ಜಡಿದರು. ಬೀಗದ ಕೈ ಚಿಕ್ಕಮ್ಮನ ಸೊಂಟದಲ್ಲಿ. 9 ಗಂಟೆಗೆ ಮೆಲ್ಲ ಹೋಗಿ ಕೇಳಿದೆ.

"ಈಗ ಎಂತಕ್ಕೆ?"

"ಮದ್ದು ತಗೊಳ್ಳಬೇಕಿತ್ತು."

"ಎಂತದರ ಮದ್ದು?"

ಬಾಯಿಗೆ ಬಂದದ್ದು ಥೈರಾಯ್ಡ್. ತಪ್ಪಿದ್ದೇ ಅಲ್ಲಿ. ಚಿಕ್ಕಮ್ಮನಿಗೂ ಥೈರಾಯ್ಡ್! "ಅದು ಬೆಳಗ್ಗೆ ಖಾಲಿ ಹೊಟ್ಟೆಗೆ ಅಲ್ವಾ? ರಾತ್ರಿ ಯಾರು ಕೊಟ್ಟರು ನಿನಗೆ? ಯಾವ ಡಾಕ್ಟ್ರು?" ಸುತ್ತ ಕೂತಿದ್ದ ನಾಲ್ಕು ಜನ ತಿರುಗಿ ನೋಡಿದರು. ನಾನು ಸುಮ್ನೆ ಹಿಂದೆ ಬಂದೆ. ಅಷ್ಟಕ್ಕೇ ಮುಗಿಯಲಿಲ್ಲ. ಬೆಳಗ್ಗೆ ಎಬ್ಬಿಸಿ, ತಮ್ಮ ಬಾಟ್ಲಿಯಿಂದ ಒಂದು ಪುಟಾಣಿ ಬಿಳಿ ಮಾತ್ರೆ ನನ್ನ ಅಂಗೈಗೆ ಹಾಕಿ, ನೀರಿನ ಲೋಟ ಹಿಡಿದುಕೊಂಡು ಎದುರಲ್ಲೇ ನಿಂತರು. ಪಾಪ, ಪ್ರೀತಿಯಿಂದಲೇ. ನಾಲಗೆಯ ಅಡಿಯಲ್ಲಿ ಇಟ್ಟುಕೊಂಡು ಬಚ್ಚಲಿಗೆ ಹೋಗಿ ಉಗಿದೆ. ಕೋಣೆಯ ಬೀಗ ತೆರೆದಾಗ ಒಳಗೆ ಆರು ಜನ ಸೀರೆ ಉಡುತ್ತಾ ಇದ್ದರು. ಅವರ ನಡುವೆ ಗಲಗಲ ಅನ್ನುವ ಬಾಟ್ಲಿ ತೆಗೆಯೋಕೆ ಆಗುತ್ತದಾ? ಎರಡನೇ ರಾತ್ರಿಯೂ ಅದೇ ಬೀಗ. ಮೂರನೇ ರಾತ್ರಿ ಮನೆಗೆ ಬಂದು ಬಾಗಿಲು ಹಾಕಿ ಮೊದಲು ಮಾತ್ರೆ ನುಂಗಿದೆ, ಆಮೇಲೆ ಚಪ್ಪಲಿ ಬಿಚ್ಚಿದೆ.

ಎರಡು ಮಾತ್ರೆ ಕಾಗದದಲ್ಲಿ ಸುತ್ತಿ ಪರ್ಸಿನಲ್ಲಿ ಇಟ್ಟುಕೊಳ್ಳಬಹುದಿತ್ತಲ್ಲ ಅನ್ನುವ ಬುದ್ಧಿವಂತರಿಗೆ: ಅದನ್ನೂ ಮಾಡಿದ್ದೇನೆ. ಹೋದ ವರ್ಷ ಒಂದು ಮದುವೆಯಲ್ಲಿ ನೆಂಟರ ಮಗು ಪರ್ಸಿಗೆ ಕೈ ಹಾಕಿ ಪೊಟ್ಟಣ ಎಳೆದು "ಚಾಕ್ಲೇಟ್" ಅಂತ ಎಲ್ಲರಿಗೂ ತೋರಿಸಿತ್ತು. ಬೆಳಗ್ಗೆ ಹೊತ್ತಿಗೆ ಬದಲಾಯಿಸಿ ಅನ್ನುವವರೂ ಇದ್ದಾರೆ. ಹೌದು, ಈಗಿನ ಮಾತ್ರೆಗೆ ರಾತ್ರಿಯೇ ಆಗಬೇಕು ಅಂತಿಲ್ಲ, ದಿನಾ ಒಂದೇ ಹೊತ್ತು ಆದರೆ ಸಾಕು. ಆದರೆ ಕೂಡು ಮನೆಯ ಅಡುಗೆಕೋಣೆಯಲ್ಲಿ ಬೆಳಗ್ಗೆ ನಿಂತು ನೋಡಿದ್ದೀರಾ? ರಾತ್ರಿಗೆ ಕತ್ತಲೆಯಾದರೂ ಇದೆ.

ಲೆಕ್ಕ ಬೇರೆ ಎಂಥ ಕಟ್ಟುನಿಟ್ಟು ಗೊತ್ತಾ? ಕೊಟ್ಟದ್ದರಲ್ಲಿ ಶೇ 95 ಆದರೂ ನುಂಗಿರಬೇಕು. ತಿಂಗಳ 30 ಮಾತ್ರೆಯಲ್ಲಿ ಒಂದು ತಪ್ಪಿದರೆ 96 ಚಿಲ್ಲರೆ, ಪಾಸು. ಎರಡು ತಪ್ಪಿದರೆ 93, ಫೇಲು. ಹತ್ತನೇ ಕ್ಲಾಸಿನಲ್ಲಿ ಲೆಕ್ಕಕ್ಕೆ 41 ತಗೊಂಡು ಮನೆಯಲ್ಲಿ ಪಾಯಸ ಮಾಡಿಸಿದವಳು ನಾನು, ಈಗ 93ಕ್ಕೆ ತಲೆ ತಗ್ಗಿಸಿ ಕೂರಬೇಕು. ಕಾರಣ ಗೊತ್ತಿಲ್ಲದೆ ಹೇಳುತ್ತಿಲ್ಲ. ಮತ್ತೆ ಮತ್ತೆ ತಪ್ಪಿದರೆ ರಕ್ತದಲ್ಲಿ ಮದ್ದು ಇಳಿಯುತ್ತದೆ, ವೈರಸ್ಸು ತಲೆ ಎತ್ತುತ್ತದೆ, ಆ ಮದ್ದಿಗೆ ಬಗ್ಗದ ಹಾಗೆ ಬದಲಾಗುತ್ತದೆ. ನಿಯಮ ಸರಿಯಾಗಿಯೇ ಇದೆ. ನನ್ನ ಜಗಳ ನಿಯಮದ ಜೊತೆ ಅಲ್ಲ. ಆ ಒಂದು ಪದದ ಜೊತೆ.

ಮೊದಮೊದಲು ದಿನಕ್ಕೆ ಎರಡು ಸಲ, 12 ಗಂಟೆಗೊಮ್ಮೆ. ಅದರಲ್ಲಿದ್ದ ಜಿಡೊವುಡಿನ್ ನನ್ನ ರಕ್ತವನ್ನೇ ಇಳಿಸಿತು. ಮೆಟ್ಟಿಲು ಹತ್ತಿದರೆ ಏದುಸಿರು. ಆಮೇಲೆ ರಾತ್ರಿ ಒಂದು ಮಾತ್ರೆ ಬಂತು, ಅದರಲ್ಲಿ ಎಫಾವಿರೆಂಜ್. ನುಂಗಿದರೆ ತಲೆ ತಿರುಗುತ್ತಿತ್ತು, ಎಂತೆಂಥದೋ ಕನಸು. ಬೆಳಗ್ಗೆ ಹೊಲಿಗೆ ಮಿಷನ್ನಿನ ಸೂಜಿಗೆ ದಾರ ಪೋಣಿಸೋಕೆ ಹತ್ತು ನಿಮಿಷ. ಆಗಲೂ ಬಿಡಲಿಲ್ಲ. ಈಗಿನ ಡೊಲುಟೆಗ್ರಾವಿರ್ ಇರುವ ಮಾತ್ರೆ ಅದಕ್ಕೆ ಹೋಲಿಸಿದರೆ ಚಿನ್ನ. ಅದಕ್ಕೂ ಒಂದು ತಕರಾರು ಉಂಟು, ಮೆಗ್ನೀಶಿಯಂ, ಅಲ್ಯುಮಿನಿಯಂ ಇರುವ ಗ್ಯಾಸಿನ ಮದ್ದಿನ ಜೊತೆ ಆಗೋದಿಲ್ಲ. ನನ್ನ ಮಾತ್ರೆಯನ್ನು ಆ ಮದ್ದಿಗಿಂತ ಎರಡು ಗಂಟೆ ಮೊದಲು ನುಂಗಬೇಕು, ಇಲ್ಲಾ ಅದಾಗಿ ಆರು ಗಂಟೆ ಆದ ಮೇಲೆ. ಊರಿನ ಡಾಕ್ಟ್ರು ಹೊಟ್ಟೆ ಉರಿಗೆ ರಾತ್ರಿ ಊಟ ಆದ ಮೇಲೆ ಕುಡೀರಿ ಅಂತ ಗುಲಾಬಿ ಸಿರಪ್ಪು ಬರೆದುಕೊಟ್ಟರು. ಬೇಡ ಅಂದರೆ ಯಾಕೆ ಅಂತ ಹೇಳಬೇಕಲ್ಲ. ತಲೆಯಾಡಿಸಿ ತಂದು ಕಪಾಟಿನಲ್ಲಿ ಇಟ್ಟೆ. ಹೊಟ್ಟೆ ಉರಿದುಕೊಂಡೇ ಇತ್ತು.

ಮಾತ್ರೆಗೆ ಗಡಿ ದಾಟಿ ಕರ್ನಾಟಕಕ್ಕೆ ಅಷ್ಟು ದೂರ ಯಾಕೆ ಹೋಗೋದು, ಕೇರಳದಲ್ಲೇ, ಕಾಸರಗೋಡಿನ ಕಡೆಯೇ ತಗೊಳ್ಳಬಹುದಲ್ಲ ಅಂತ ಕೇಳುತ್ತಾರೆ. ಇಲ್ಲಿ ಸಾಲಿನಲ್ಲಿ ನಿಂತರೆ ಊರಿನ ಒಂದಾದರೂ ಮುಖ ಕಾಣುತ್ತದೆ. ಅಲ್ಲದೆ ನಾನು ಕನ್ನಡ ಮೀಡಿಯಂನವಳು. ಮಲಯಾಳ ಮಾತಾಡೋಕೆ ಬರುತ್ತದೆ, ಓದೋಕೆ ಬರೋದಿಲ್ಲ. ಇಂಥ ವಿಷಯವನ್ನು ಪಕ್ಕದವರ ಹತ್ತಿರ ಓದಿಸಿಕೊಳ್ಳೋಕೆ ಆಗುತ್ತದಾ? ಹಾಗಾಗಿ ಗಡಿಯಾಚೆ. ಒಂದು ದಿನದ ಹೊಲಿಗೆ ಹೋಯಿತು, ಬಸ್ ಚಾರ್ಜು ಬೇರೆ.

2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದವರು ಆ ಗಡಿಯ ರಸ್ತೆಗಳಿಗೆ ಮಣ್ಣು ಸುರಿದದ್ದು ನಮ್ಮಲ್ಲಿ ಯಾರಿಗೂ ಮರೆತಿರಲಿಕ್ಕಿಲ್ಲ. ತಲಪಾಡಿಯಲ್ಲಿ ಆಂಬ್ಯುಲೆನ್ಸನ್ನೇ ವಾಪಸ್ ಕಳಿಸಿದರು. ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ನಮ್ಮ ಜಿಲ್ಲೆಯವರು ಸತ್ತರು. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ತನಕ ಹೋಯಿತು. ಆಗ ನನ್ನ ಬಾಟ್ಲಿಯಲ್ಲಿ 11 ಮಾತ್ರೆ. ದಿನಾ ಎಣಿಸುತ್ತಿದ್ದೆ, ಎಣಿಸಿದರೆ ಹೆಚ್ಚಾಗುತ್ತದೆ ಅನ್ನುವ ಹಾಗೆ. ಫೋನ್ ಮಾಡಿ ಮಾಡಿ ಕೊನೆಗೆ ಈಚೆ ಕಡೆಯಿಂದಲೇ ಸಿಗುವ ಹೊತ್ತಿಗೆ ನಾಲ್ಕು ದಿನ ಖಾಲಿ ಹೋಗಿತ್ತು. ಕಾರ್ಡಿನಲ್ಲಿ ನಾಲ್ಕು ಡೋಸು ತಪ್ಪಿದೆ ಅಂತ ಉಂಟು. ಮಣ್ಣಿನ ಸುದ್ದಿ ಇಲ್ಲ.

2022ರಲ್ಲಿ ಮದ್ದೇ ಸಾಲದೆ, ದೆಹಲಿಯಲ್ಲಿ ನಮ್ಮಂಥವರು ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯಲ್ಲಿ ವಾರಗಟ್ಟಲೆ ಧರಣಿ ಕೂತರಲ್ಲ, ಆ ವರ್ಷ ನನಗೂ ಒಂದು ಸಲ ಹತ್ತೇ ಮಾತ್ರೆ ಎಣಿಸಿ ಕಾಗದದ ಕವರಿನಲ್ಲಿ ಕೊಟ್ಟರು. ಹತ್ತು ದಿನ ಬಿಟ್ಟು ಮತ್ತೆ ಬನ್ನಿ ಅಂದರು. ಅವರ ಕಪಾಟು ಖಾಲಿಯಾದರೆ ಅದು ಸ್ಟಾಕ್ ಸಮಸ್ಯೆ. ನನ್ನ ಬಾಟ್ಲಿಯಲ್ಲಿ ಎರಡು ಉಳಿದರೆ ಅದು ಬೇಜವಾಬ್ದಾರಿ. ಚೆನ್ನಾಗಿದೆ.

ಎಚ್‌ಐವಿ ಕಾಯ್ದೆ ಏನೋ ಉಂಟು. 2017ರದ್ದು, 2018ರ ಸೆಪ್ಟೆಂಬರ್ 10ರಿಂದ ಜಾರಿ. ನನ್ನ ಒಪ್ಪಿಗೆ ಇಲ್ಲದೆ ವಿಷಯ ಹೊರಗೆ ಹಾಕುವಂತಿಲ್ಲ, ಕೆಲಸದಿಂದ ತೆಗೆಯುವಂತಿಲ್ಲ, ಬಾಡಿಗೆ ಮನೆ ಕೊಡೋದಿಲ್ಲ ಅನ್ನುವಂತಿಲ್ಲ. ಒಳ್ಳೆಯದೇ. ಆದರೆ ಗೊತ್ತಾದ ಮೇಲೆ ನನ್ನ ತಟ್ಟೆಯನ್ನು ಬೇರೆ ತೊಳೆಯುವವರ ಮೇಲೆ ಯಾವ ಕೋರ್ಟಿಗೆ ಹೋಗಲಿ? ರಕ್ತದಲ್ಲಿ ವೈರಸ್ಸು ಎಷ್ಟಿದೆ ಅಂತ ನೋಡುವ ನನ್ನ ವೈರಲ್ ಲೋಡ್ ರಿಪೋರ್ಟಿನಲ್ಲಿ ನಾಲ್ಕು ವರ್ಷದಿಂದ ಒಂದೇ ಸಾಲು, "ಟಾರ್ಗೆಟ್ ನಾಟ್ ಡಿಟೆಕ್ಟೆಡ್". ಪರೀಕ್ಷೆಯಲ್ಲಿ ವೈರಸ್ಸು ಕಾಣೋದೇ ಇಲ್ಲ. ಹೀಗೇ ಇಟ್ಟುಕೊಂಡರೆ ಗಂಡ-ಹೆಂಡತಿ ಸಂಬಂಧದಲ್ಲೂ ಇನ್ನೊಬ್ಬರಿಗೆ ಹರಡೋದಿಲ್ಲ. ಒಟ್ಟಿಗೆ ಊಟ ಮಾಡಿದರೆ ಹರಡೋದು ಅಂತೂ ಯಾವತ್ತೂ ಇರಲಿಲ್ಲ. ಇದನ್ನು ಚಿಕ್ಕಮ್ಮನಿಗೆ ಯಾರು ಹೇಳುತ್ತಾರೆ? ನಾನಂತೂ ಅಲ್ಲ.

ಮೊನ್ನೆ ನನಗೆ ತಡೆಯಲಿಲ್ಲ. "ಮೇಡಂ, ಅದನ್ನು ಹೊಡೆದು ಹಾಕಿ, ನಾನು ಮರೆತಿಲ್ಲ" ಅಂದೆ.

"ಮತ್ತೆ ಏನು ಬರೀಲಿ?"

"ಬೀಗ ಅಂತ ಬರೀರಿ."

ಅವರು ಪೆನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ "ಮುಂದಿನವರು" ಅಂತ ಕೂಗಿದರು. ಹೊರಗೆ ಬೆಂಚಿನಲ್ಲಿ ಮೂವತ್ತು ಜನ ಇದ್ದರು, ಮೇಡಂ ಅವರನ್ನೂ ಪೂರ್ತಿ ಬೈಯೋಕೆ ಆಗೋದಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಬ್ಯಾಗಿನೊಳಗೇ ಕೈ ಇಟ್ಟು ಹೊಸ ಬಾಟ್ಲಿಯ ಲೇಬಲ್ ಕೀಳುತ್ತಾ ಬಂದೆ. ಗಲಗಲ ಅನ್ನದ ಹಾಗೆ ಹತ್ತಿಯನ್ನೂ ತುರುಕಿದೆ. ತಲಪಾಡಿ ಟೋಲ್ ದಾಟಿದರೂ ಲೇಬಲ್ ಅರ್ಧವೇ ಬಂದದ್ದು. ಈ ಸಲದ ಅಂಟು ಬೇರೆ ಭಾರೀ ಗಟ್ಟಿ.