ವಾಷರ್ ಯಾರ ಪಾಲಿಗೆ?

ರಾತ್ರಿ ಹನ್ನೊಂದರ ಮೇಲೆ, ಫ್ಯಾನಿನ ಗರಗರವನ್ನೂ ದಾಟಿ ಬಚ್ಚಲಿನಿಂದ ಟಪ್, ಟಪ್ ಅಂತ ಕೇಳತೊಡಗಿದರೆ ಬಾಡಿಗೆದಾರನ ತಲೆಯಲ್ಲಿ ಅರ್ಥಶಾಸ್ತ್ರ ಹುಟ್ಟುತ್ತದೆ. ತಿಂಗಳಿಗೊಮ್ಮೆ ತಪ್ಪದೆ ಕಿರಾಯ ಎಣಿಸಿಕೊಳ್ಳುವ ಈ ಮನೆ ಮಾಲಕರಿಂದ ಸಮಾಜಕ್ಕೆ ಉಪಯೋಗವಾದರೂ ಏನು? ಹಗಲು ಈ ಪ್ರಶ್ನೆ ಏಳುವುದಿಲ್ಲ. ಹಗಲಿನ ಗದ್ದಲದಲ್ಲಿ ನಳದ ಸದ್ದು ಯಾರಿಗೆ ಕೇಳಬೇಕು.

ಉಪಯೋಗ ಇಲ್ಲವೆನ್ನಲಾಗದು. ಕಲಬುರಗಿಗೆ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಅದರ ಬೆನ್ನಿಗೆ ಬಂದ ವಕೀಲರು, ಗುಮಾಸ್ತರು, ಆಸ್ಪತ್ರೆಯ ನರ್ಸುಗಳು, ಕೋಚಿಂಗ್ ಹುಡುಗರೆಲ್ಲ ಬಂದ ದಿನವೇ ಪಾಯ ತೋಡಲಾದೀತೇ? ಮೂರು ವರ್ಷಕ್ಕೊಮ್ಮೆ ವರ್ಗವಾಗುವವರು ಊರೂರಿಗೆ ಮನೆ ಕಟ್ಟುತ್ತ ಹೋಗುವುದಕ್ಕಿಲ್ಲ. ಯಾರೋ ಸಾಲ ಮಾಡಿ ಕಟ್ಟಿಟ್ಟಿರಬೇಕು, ಕೀಲಿ ಕೈಗೆ ಕೊಡಬೇಕು. ಅದಕ್ಕೆ ಹನ್ನೊಂದು ತಿಂಗಳ ಕರಾರು, ಯಾಕೆಂದರೆ ವರ್ಷ ಮೀರಿದ ಗೇಣಿಪತ್ರವನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಇಲ್ಲಿಯತನಕ ಎಲ್ಲ ಸರಿ. ತಕರಾರಿರುವುದು ನಳದೊಳಗಿನ ವಾಷರಿನಲ್ಲಿ.

2021ರ ಜೂನಿನಲ್ಲಿ ಕೇಂದ್ರ ಸಂಪುಟ ಒಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದು ಬರೀ ಮಾದರಿ, ರಾಜ್ಯಗಳು ಅಳವಡಿಸಿಕೊಂಡರಷ್ಟೇ ಜಾರಿ. ಅದರ ಕೊನೆಗೆ ರಿಪೇರಿಯ ಪಾಲುಪಟ್ಟಿಯೊಂದಿದೆ. ಗೋಡೆಯ ಸುಣ್ಣ, ಬಾಗಿಲು ಕಿಟಕಿಯ ಬಣ್ಣ, ಪೈಪ್ ಬದಲಿಸುವುದು, ವೈರಿಂಗ್ ಮಾಲಕರ ಪಾಲು. ಸ್ವಿಚ್ಚು, ಗೀಸರು, ಬಾಗಿಲ ಚಿಲಕ, ಮೋರಿ ಸ್ವಚ್ಛ ಮಾಡುವುದು, ಜೊತೆಗೆ ನಳ ಮತ್ತು ನಳದ ವಾಷರ್ ಬಾಡಿಗೆದಾರರ ಪಾಲು. ಕರಾರಿನಲ್ಲಿ ಬೇರೆ ಬರೆದುಕೊಂಡಿದ್ದರೆ ಅದರಂತೆ. ಮನೆ ಬಿಡುವಾಗ "ಪೇಂಟಿಂಗ್ ಸಲುವಾಗಿ" ಅಂತ ಡಿಪಾಜಿಟ್ಟಿನಲ್ಲಿ ಒಂದು ತಿಂಗಳ ಕಿರಾಯ ಮುರಿದುಕೊಳ್ಳುವ ಮಹನೀಯರು ಮೊದಲ ಸಾಲನ್ನು ಎರಡು ಸಲ ಓದಿಕೊಳ್ಳಲಿ.

ಇನ್ನು ವಾಷರ್. ಹತ್ತು ರೂಪಾಯಿಯೂ ಬಾಳದ ರಬ್ಬರಿನ ಬಿಲ್ಲೆ. ಈ ಸೀಮೆಯಲ್ಲಿ ಅದಕ್ಕೆ ಆಯಸ್ಸು ಕಡಿಮೆ. ಶಹಾಬಾದ್, ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಎದ್ದದ್ದು ನೆಲದಡಿಯ ಸುಣ್ಣದಕಲ್ಲಿಗಾಗಿ. ಆ ಕಲ್ಲಿನ ನಡುವಿಂದ ಬರುವ ಬೋರಿನ ನೀರು ಗಡಸು. ನಳದ ಒಳಗೆ ಬಿಳಿ ಹಕ್ಕಳೆ ಕಟ್ಟಿ ವಾಷರ್ ಕೂರುವ ಜಾಗ ಒರಟಾಗುತ್ತದೆ. ಮೇಲೆ ಉಸುಕಿನ ಕಾಟ. ದಿನಬಿಟ್ಟು ದಿನ "ನಳ ಬಂದಾವ್ರಿ" ಅಂತ ಕೂಗು ಬಿದ್ದಾಗ ಮೊದಲು ಬರುವುದು ಗಾಳಿ, ಆಮೇಲೆ ಕೆಂಪು ನೀರು. ಅದರೊಳಗಿನ ಒಂದು ಹರಳು ವಾಷರಿಗೆ ಸಿಕ್ಕಿಕೊಂಡರೆ ಸಾಕು. ಹನಿ ನಿಲ್ಲಲಿಲ್ಲವೆಂದು ಎಲ್ಲರೂ ಹಿಡಿಕೆಯನ್ನು ಇನ್ನಷ್ಟು ಬಿಗಿಯುತ್ತಾರೆ. ಬಿಗಿದಷ್ಟೂ ರಬ್ಬರ್ ಸೀಳುತ್ತದೆ.

ಹನಿ ಎಲ್ಲಿಂದ ಬೀಳುತ್ತಿದೆ ಎಂದು ಮೊದಲು ನೋಡಬೇಕು. ಹಿಡಿಕೆಯ ಕೊರಳಲ್ಲಿ ಜಿನುಗಿದರೆ ಅದು ವಾಷರಲ್ಲ, ಒಳಗಿನ ದಾರ ಸವೆದದ್ದು. ಹೊಸದಾಗಿ ಸುತ್ತಿದರೆ ನಿಲ್ಲುತ್ತದೆ. ಬಾಯಿಂದ ಬಿದ್ದರೆ ಮಾತ್ರ ಬಿಚ್ಚುವ ಕೆಲಸ. ನೀರು ಬಂದ್ ಮಾಡಿ, ಹಿತ್ತಾಳೆಯ ನಳವಾದರೆ ತಲೆಯ ಕೆಳಗಿನ ಆರು ಮೂಲೆಗೆ ಪಾನಾ ಹಾಕಿ ತಿರುಗಿಸಿದರೆ ತಲೆ ಇಡಿಯಾಗಿ ಬರುತ್ತದೆ. ತುದಿಯಲ್ಲಿ ಅಣಬೆಯಂಥ ತುಣುಕು, ಅದಕ್ಕೆ ವಾಷರ್. ಹಳೆಯದನ್ನು ಅಂಗಡಿಗೇ ಒಯ್ಯಬೇಕು, ಬಾಯಿಮಾತಿನ ಅಳತೆಗೆ ತಂದದ್ದು ಕೂರುವುದಿಲ್ಲ. ಬಿಚ್ಚಿದಲ್ಲಿ ಕಿರುಬೆರಳು ಆಡಿಸಿ ನೋಡಿ: ಕೂರುವ ಅಂಚಿನಲ್ಲಿ ಗೀರು ತಾಗಿದರೆ ಹೊಸ ವಾಷರಿಗೆ ದುಡ್ಡು ದಂಡ, ನಳವನ್ನೇ ಬದಲಿಸಿ. ಅರ್ಧ ಸುತ್ತಿಗೆ ತೆರೆಯುವ ಹೊಸ ಮಾದರಿಯ ನಳಗಳಲ್ಲಿ ಈ ಬಿಲ್ಲೆಯೇ ಇಲ್ಲ, ಒಳಗಿನ ಬಿಲ್ಲೆಗಳು ಪಿಂಗಾಣಿಯವು. ಉಸುಕು ಅವನ್ನೂ ಗೀಚುತ್ತದೆ. ಹಕ್ಕಳೆ ಬಿಡಿಸಲು ನಿಂಬೆರಸದಲ್ಲಿ ಅರ್ಧ ತಾಸು ನೆನೆಸಿದರೆ ಸಾಕು. ಆದರೆ ಬಟ್ಟಲಲ್ಲಿ ನೆನೆಸಬೇಕು, ನೆಲದ ಮೇಲಲ್ಲ. ಕೆಳಗಿನ ಶಹಾಬಾದ್ ಫರಸಿಯೂ ಸುಣ್ಣದಕಲ್ಲೇ. ಹುಳಿ ಬಿದ್ದಲ್ಲಿ ಹೊಳಪು ಸತ್ತು ಕಲೆ ಉಳಿಯುತ್ತದೆ, ಆ ಕಲೆಯ ಲೆಕ್ಕ ಡಿಪಾಜಿಟ್ಟಿನಲ್ಲಿ ಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಕೆಲಸ ನಿಲ್ಲುವುದು ಮೊದಲ ಹೆಜ್ಜೆಯಲ್ಲೇ, ನೀರು ಬಂದ್ ಮಾಡುವಲ್ಲಿ. ಒಂದು ಕಟ್ಟಡಕ್ಕೆ ನಾಲ್ಕು ಮನೆ, ನಾಲ್ಕಕ್ಕೂ ಸೇರಿ ಒಂದೇ ಗೇಟ್ ವಾಲ್ವು. ಅದಿರುವುದು ಮಾಳಿಗೆಯ ಮೇಲೆ. ಮಾಳಿಗೆಯ ಕೀಲಿ ಮಾಲಕರ ಸೊಂಟದಲ್ಲಿ. ಕೇಳಿದರೆ, "ಹುಡುಗಗ ಹೇಳೀನ್ರಿ, ನಾಳಿ ಬರ್ತಾನ." ನಾಳೆ ಎಂಬುದು ಇಲ್ಲಿ ವಾರದ ಹೆಸರು. ಹುಡುಗ ಬಂದರೂ ಕಟ್ಟಿದಂದಿನಿಂದ ತಿರುಗಿಸದ ವಾಲ್ವು ಹಕ್ಕಳೆ ಹಿಡಿದು ಕೂತಿರುತ್ತದೆ. ಜೋರು ಮಾಡಿದರೆ ದಂಡ ಮುರಿದು ನಾಲ್ಕೂ ಮನೆ ಒಣಗುತ್ತವೆ. ವಾಷರ್ ಬಾಡಿಗೆದಾರರದು, ವಾಲ್ವು ಮಾಲಕರದು. ಒಂದನ್ನು ಮುಟ್ಟದೆ ಇನ್ನೊಂದನ್ನು ಬಿಚ್ಚುವ ವಿದ್ಯೆಯನ್ನು ಪಾಲುಪಟ್ಟಿ ಬರೆದವರು ಹೇಳಿಕೊಟ್ಟಿಲ್ಲ.

ಕಟ್ಟುವಾಗಲೇ ಮನೆಗೊಂದರಂತೆ ವಾಲ್ವು ಹಾಕಿಸಿ, ಆರು ತಿಂಗಳಿಗೊಮ್ಮೆ ಸುಮ್ಮನೆ ತಿರುಗಿಸಿ ಸಡಿಲ ಇಟ್ಟುಕೊಳ್ಳುವ ಮಾಲಕರೂ ಇದ್ದಾರೆ. ಅಂಥವರು ಕೇಳಿದಷ್ಟು ಕಿರಾಯ ಕೊಡಬಹುದು. ಅವರ ಮನೆ ಖಾಲಿಯಾಗುವುದೇ ಇಲ್ಲ ಎಂಬುದು ಬೇರೆ ಮಾತು.

ಉಳಿದವರ ಮನೆಯಲ್ಲಿದ್ದವರು ಹುಡುಗ ಬರುವ ತನಕ ನಳದ ಬಾಯಿಗೆ ಒಂದು ಗೇಣು ನೂಲಿನ ದಾರ ಕಟ್ಟಿ, ತುದಿಯನ್ನು ಬಕೆಟ್ಟಿನ ತಳಕ್ಕೆ ಇಳಿಬಿಡಬೇಕು. ಗೇಣು ಸಾಲದಿದ್ದರೆ ಮೊಳ. ಹನಿ ದಾರ ಹಿಡಿದು ಸದ್ದಿಲ್ಲದೆ ಇಳಿಯುತ್ತದೆ.